ಟಿವಿಯ ಬೆನ್ನು ಬಿಚ್ಚಿದಾಗ: ದೇಸಿ ಮತ್ತು ವಿದೇಶಿ ಬ್ರಾಂಡ್‌ಗಳ ಪೈಪೋಟಿ ನಡೆಯುವುದು ಎಲ್ಲಿ?

ಹೋದ ದೀಪಾವಳಿಗೆ ಸ್ವಲ್ಪ ಮುಂಚೆ ನಮ್ಮ ಮನೆಯ ಟಿವಿ ಕೆಟ್ಟಿತು. ಪರದೆಯ ಎಡಗಡೆ ಉದ್ದಕ್ಕೆ ಗೆರೆಗಳು ಬಂದವು. ಎರಡು ದಿನದಲ್ಲಿ ಅರ್ಧ ಚಿತ್ರವೇ ಮಾಯ. ವಾರಂಟಿ ಮುಗಿದಿತ್ತು. ಆಟೊದಲ್ಲಿ ಮಲಗಿಸಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋದೆ. ದೇಸಿ ಕಂಪನಿಯದೇ ಬೇಕು ಅಂತ ಹುಡುಕಿ ತಂದಿದ್ದ ಟಿವಿ ಅದು.

ರಿಪೇರಿಯವರು ಹಳೇ ಕಂಬಳಿಯ ಮೇಲೆ ಟಿವಿಯನ್ನು ಬೋರಲು ಮಲಗಿಸಿ ಹಿಂಬದಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು. ಒಳಗೆ ಇದ್ದದ್ದು ನಾನು ಅಂದುಕೊಂಡಷ್ಟು ಏನೂ ಇರಲಿಲ್ಲ. ಎರಡು ಅಂಗೈ ಅಗಲದ ಒಂದು ಬೋರ್ಡು, ಎರಡು ಸ್ಪೀಕರ್, ಒಂದಷ್ಟು ವಯರು. ಉಳಿದದ್ದೆಲ್ಲ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆ. ಅದರ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಚೀನಾದ ಕಂಪನಿಯೊಂದರ ಹೆಸರಿತ್ತು. ಬೋರ್ಡಿನ ಮುಖ್ಯ ಚಿಪ್ಪಿನ ಮೇಲೆ ತೈವಾನ್ ಕಂಪನಿಯ ಹೆಸರು. ಪಕ್ಕದಲ್ಲೇ ಇನ್ನೊಂದು ಟಿವಿ ಬಿಚ್ಚಿಟ್ಟಿದ್ದರು. ಅದರ ಮುಂಭಾಗದಲ್ಲಿ ಹೊರದೇಶದ ದೊಡ್ಡ ಹೆಸರು. ಒಳಗಿನ ಪ್ಯಾನೆಲ್ ಮಾತ್ರ ನಮ್ಮ ಟಿವಿಯಲ್ಲಿದ್ದ ಕಂಪನಿಯದೇ.

"ಪ್ಯಾನೆಲ್ ಹೋಗಿದೆ ಸಾರ್. ಹಾಕಿಸ್ತೀನಿ ಅಂದ್ರೆ ಹೊಸ ಟಿವಿ ರೇಟಿಗೆ ಹತ್ರ ಹತ್ರ ಬರುತ್ತೆ" ಅಂದರು ಅವರು. ಆಮೇಲೆ ಎರಡೂ ಟಿವಿಗಳ ಚೀಟಿ ತೋರಿಸಿ, "ಇವೆರಡೂ ಒಂದೇ ಊರಿನವು" ಅಂದರು.

ಮನೆಗೆ ಬರುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಎರಡರ ಒಳಗೂ ಇರುವುದು ಅದೇ ಆದರೆ, ದೇಸಿ ಬ್ರಾಂಡು ಮತ್ತು ವಿದೇಶಿ ಬ್ರಾಂಡು ಪೈಪೋಟಿ ನಡೆಸುತ್ತಿರುವುದು ಯಾವುದರಲ್ಲಿ?

"ಇದು ಯಾವ ದೇಶದ್ದು?" ಅಂತ ನಾವು ಸುಮ್ನೆ ಕೇಳಿಬಿಡುತ್ತೇವೆ. ಆದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಹೆಸರು ಯಾರದ್ದು? ಜೋಡಿಸಿದ್ದು ಯಾರು, ಎಲ್ಲಿ? ಒಳಗಿನ ಮುಖ್ಯ ಭಾಗ ಮತ್ತು ವಿನ್ಯಾಸ ಯಾರದ್ದು? ಒಂದು ಕಾಲದಲ್ಲಿ ಮೂರಕ್ಕೂ ಹೆಚ್ಚು ಕಡಿಮೆ ಒಂದೇ ಉತ್ತರ ಇತ್ತು. ಈಗ ಮೂರಕ್ಕೂ ಮೂರು ಉತ್ತರ. ಭಾರತದ ಟಿವಿ ಮತ್ತು ಮೊಬೈಲ್ ಮಾರುಕಟ್ಟೆಯ ಕಳೆದ ನಾಲ್ಕು ದಶಕಗಳನ್ನು ನೋಡಿದರೆ, ಗೆದ್ದವರು ಯಾಕೆ ಗೆದ್ದರು, ಸೋತವರು ಯಾಕೆ ಸೋತರು ಅನ್ನುವುದು ಈ ಮೂರನೇ ಪ್ರಶ್ನೆಯಲ್ಲೇ ಜಾಸ್ತಿ ಅಡಗಿದೆ ಅಂತ ನನಗೆ ಅನ್ನಿಸುತ್ತದೆ.

ಬಿಪಿಎಲ್ ಕಾಲ

ನಲವತ್ತು ದಾಟಿದವರಿಗೆ ಬಿಪಿಎಲ್, ಒನಿಡಾ, ವಿಡಿಯೋಕಾನ್ ಹೆಸರು ಹೇಳಿದರೆ ಸಾಕು, ಹಜಾರದ ಮೂಲೆಯಲ್ಲಿದ್ದ ಆ ದಪ್ಪ ಡಬ್ಬ ಕಣ್ಣ ಮುಂದೆ ಬರುತ್ತದೆ. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೊಂದು ಗೊಂಬೆ. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ಚಾಪೆಯ ಮೇಲೆ ಕೂರುತ್ತಿದ್ದರು.

1982ರಲ್ಲಿ ದೂರದರ್ಶನ ಬಣ್ಣದ ಪ್ರಸಾರ ಶುರುಮಾಡಿತು. ಅದೇ ವರ್ಷದ ಕೊನೆಯಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಬಣ್ಣದ ಟಿವಿಗೆ ಬೇಡಿಕೆ ಬಂದದ್ದು ಆಗ. ಬಿಪಿಎಲ್ ಆ ಹೊತ್ತಿಗಾಗಲೇ ಇತ್ತು. ಟಿ.ಪಿ.ಜಿ. ನಂಬಿಯಾರ್ 1963ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಅದನ್ನು ಕಟ್ಟಿದ್ದರು. ಮೊದಲು ತಯಾರಿಸಿದ್ದು ರಕ್ಷಣಾ ಪಡೆಗಳಿಗೆ ಬೇಕಾದ ಅಳತೆಯ ಮೀಟರುಗಳನ್ನು. ಮುಂದೆ ಬೆಂಗಳೂರೇ ಅದರ ಕೇಂದ್ರವಾಯಿತು. ನಮ್ಮ ಕಡೆ ಎಷ್ಟೋ ಜನ ಅದನ್ನು ಬೆಂಗಳೂರಿನ ಕಂಪನಿ ಅಂತಲೇ ತಿಳಿದಿದ್ದಾರೆ. ಅದೇ ಬೆಂಗಳೂರಿನಲ್ಲಿ ಸರ್ಕಾರಿ ಸಂಸ್ಥೆ ಬಿಇಎಲ್ ಕಪ್ಪು-ಬಿಳುಪು ಟಿವಿಗಳ ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. ಅಂದರೆ ಟಿವಿಯ ಅತಿ ಮುಖ್ಯ ಭಾಗ ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿ ಕಡೆಯೇ ತಯಾರಾಗುತ್ತಿತ್ತು.

ಹಾಗಂತ ಆ ಕಾಲ ಪೂರ್ತಿ ಚೆನ್ನಾಗಿತ್ತು ಅಂತ ಹೇಳಲಾರೆ. ಹೊರಗಿನ ಟಿವಿ ಒಳಗೆ ಬರದಂತೆ ಭಾರಿ ಆಮದು ಸುಂಕ ಇತ್ತು. ದೇಶದೊಳಗೆ ಕಾರ್ಖಾನೆ ಮಾಡಲು ಲೈಸೆನ್ಸ್ ಬೇಕಿತ್ತು. ತಂತ್ರಜ್ಞಾನ ಬಹುಪಾಲು ಜಪಾನಿನಿಂದ ಬರುತ್ತಿತ್ತು. ಬಿಪಿಎಲ್‌ಗೆ ಸಾನ್ಯೊ ಜೊತೆ ಒಪ್ಪಂದ, ವಿಡಿಯೋಕಾನ್‌ಗೆ ತೋಷಿಬಾ ಜೊತೆ. ಎಷ್ಟೋ ಸಣ್ಣ ಕಂಪನಿಗಳು ಬಿಡಿಭಾಗಗಳ ಕಿಟ್ ತರಿಸಿ ಜೋಡಿಸುತ್ತಿದ್ದವು. ಜನ ಅದನ್ನು ಸ್ಕ್ರೂಡ್ರೈವರ್ ಟೆಕ್ನಾಲಜಿ ಅಂತ ಕರೆಯುತ್ತಿದ್ದರು.

ಇಲ್ಲಿ ದಕ್ಷಿಣ ಕೊರಿಯಾವನ್ನು ಪಕ್ಕಕ್ಕಿಟ್ಟು ನೋಡಬೇಕು. ಕೊರಿಯಾ ಕೂಡ ತನ್ನ ಕಂಪನಿಗಳಿಗೆ ಬೇಲಿ ಹಾಕಿಕೊಂಡಿತ್ತು. ಜಪಾನಿನ ಟಿವಿಯಂಥ ಸಾಮಾನುಗಳು ಒಳಗೆ ಬರದಂತೆ ಹಾಕಿದ್ದ ನಿರ್ಬಂಧವನ್ನು ಅದು ಪೂರ್ತಿ ತೆಗೆದದ್ದು 1999ರಲ್ಲಿ. ಆದರೆ ಬೇಲಿಯ ಜೊತೆಗೆ ಇನ್ನೊಂದು ಮಾತೂ ಇತ್ತು: ಹೊರದೇಶಕ್ಕೆ ಮಾರಿ ತೋರಿಸಿ. ಅಮೆರಿಕದ ಅಂಗಡಿಯಲ್ಲಿ ಸೋನಿ ಪಕ್ಕ ನಿಲ್ಲಬೇಕಾದರೆ ಸ್ಯಾಮ್‌ಸಂಗ್, ಎಲ್‌ಜಿ ತಮ್ಮದೇ ಪ್ಯಾನೆಲ್, ತಮ್ಮದೇ ಚಿಪ್ ಮಾಡುವುದನ್ನು ಕಲಿಯಲೇಬೇಕಿತ್ತು. ನಮ್ಮ ಕಂಪನಿಗಳಿಗೆ ಬೇಲಿ ಸಿಕ್ಕಿತು, ಆ ಒತ್ತಡ ಸಿಗಲಿಲ್ಲ. ದೇಶದೊಳಗೇ ಬೇಡಿಕೆ ಬೇಕಾದಷ್ಟಿತ್ತು. ಮಾರಾಟ ಚೆನ್ನಾಗಿ ನಡೆಯುತ್ತಿತ್ತು. ಹೊಸದನ್ನು ಕಂಡುಹಿಡಿಯುವ ಖರ್ಚನ್ನು ಯಾಕೆ ಮಾಡಬೇಕು?

1994-95ರಲ್ಲಿ ಸೋನಿ, ಸ್ಯಾಮ್‌ಸಂಗ್ ಬಂದವು. 1997ರಲ್ಲಿ ಎಲ್‌ಜಿ ಬಂತು. ಅಕಾಯ್ ಹೆಸರಿನಲ್ಲಿ ಹಳೇ ಟಿವಿ ಕೊಟ್ಟು ಹೊಸದು ಒಯ್ಯುವ ಎಕ್ಸ್‌ಚೇಂಜ್ ಸ್ಕೀಮು ಊರೂರಿಗೂ ಹಬ್ಬಿತು. ಜನರಿಗೆ ಅದು ಹೊಸದು. ಕೊರಿಯಾದವರು ಇಲ್ಲೇ ಕಾರ್ಖಾನೆ ಹಾಕಿದರು, ಜಿಲ್ಲಾ ಕೇಂದ್ರಗಳವರೆಗೂ ಡೀಲರ್ ಮತ್ತು ಸರ್ವೀಸ್ ಸೆಂಟರ್ ತೆರೆದರು, ಕ್ರಿಕೆಟ್ ಹಿಡಿದರು. ಬೆಲೆಯಲ್ಲೂ ದೇಸಿ ಕಂಪನಿಗಳಿಗೆ ಸಮನಾಗಿ ಇಳಿದರು. ಮೂಲ ಕಂಪನಿಯ ಗಂಟು ದೊಡ್ಡದು. ಕೆಲವು ವರ್ಷ ಲಾಭ ಇಲ್ಲದೆ ಕಾಯುವ ತಾಕತ್ತು ಅವರಿಗಿತ್ತು. ಬಿಪಿಎಲ್, ವಿಡಿಯೋಕಾನ್ ಆ ಹೊತ್ತಿಗೆ ಟೆಲಿಕಾಂ, ವಿದ್ಯುತ್, ತೈಲ ಅಂತ ಹತ್ತು ಕಡೆ ಕೈ ಚಾಚಿದ್ದವು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬಿಪಿಎಲ್ ಹೆಸರು 2021ರಿಂದ ರಿಲಯನ್ಸ್ ರಿಟೇಲ್ ಕೈಯಲ್ಲಿದೆ, ಅದೂ ಲೈಸೆನ್ಸ್ ಮೇಲೆ.

ಸುಂಕದ ಲೆಕ್ಕ

ಕಂಪನಿಗಳನ್ನಷ್ಟೇ ದೂರಿದರೆ ಅನ್ಯಾಯ. ನಿಯಮಗಳೂ ಅವರ ಕಾಲು ಎಳೆದವು. ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ. ಇವು ಉದಾಹರಣೆಯ ಅಂಕಿಗಳು, ಅಷ್ಟೇ.

ಒಂದು ಟಿವಿಯ ಬಿಡಿಭಾಗಗಳಿಗೆ 80 ರೂಪಾಯಿ ಅಂದುಕೊಳ್ಳಿ. ಇಲ್ಲಿ ಜೋಡಿಸುವ ಖರ್ಚು 10. ಒಟ್ಟು 90. ಅದೇ ಟಿವಿ ಹೊರದೇಶದಲ್ಲೂ 90ಕ್ಕೇ ತಯಾರಾಗುತ್ತದೆ. ಈಗ ಸರ್ಕಾರ ಬಿಡಿಭಾಗಗಳ ಮೇಲೆ 10 ಪರ್ಸೆಂಟ್ ಸುಂಕ ಹಾಕಿ, ತಯಾರಾದ ಟಿವಿಯ ಮೇಲೆ ಸುಂಕ ಸೊನ್ನೆ ಮಾಡಿದರೆ? ಇಲ್ಲಿ ಜೋಡಿಸಿದ ಟಿವಿಗೆ 98 ಆಗುತ್ತದೆ, ಹಡಗಿನಲ್ಲಿ ಬಂದದ್ದಕ್ಕೆ 90. ಇಲ್ಲಿ ಕಾರ್ಖಾನೆ ನಡೆಸುವವನಿಗೇ ದಂಡ ಹಾಕಿದ ಹಾಗಾಯಿತು, ಅಲ್ವಾ? ಇದನ್ನು ತಲೆಕೆಳಗಾದ ಸುಂಕ ಅನ್ನುತ್ತಾರೆ.

ಇದು ಬರೀ ಲೆಕ್ಕದ ಮಾತಲ್ಲ, ನಡೆದ ಸಂಗತಿ. 2004ರ ಸೆಪ್ಟೆಂಬರಿನಲ್ಲಿ ಭಾರತ ಮತ್ತು ಥಾಯ್ಲೆಂಡ್ ನಡುವೆ 82 ಸಾಮಾನುಗಳ ಸುಂಕ ಇಳಿಸುತ್ತಾ ಹೋಗುವ ಒಪ್ಪಂದ ಜಾರಿಗೆ ಬಂತು. ಅದರಲ್ಲಿ ಬಣ್ಣದ ಟಿವಿಯೂ ಇತ್ತು, ಪಿಕ್ಚರ್ ಟ್ಯೂಬೂ ಇತ್ತು. ಅದೇ ವರ್ಷ ಸೋನಿ ಹರಿಯಾಣದ ತನ್ನ ಟಿವಿ ಕಾರ್ಖಾನೆ ನಿಲ್ಲಿಸಿ, ಥಾಯ್ಲೆಂಡಿನಿಂದ ತರಿಸಿ ಮಾರಲು ಶುರುಮಾಡಿತು. ವಿದೇಶಿ ಕಂಪನಿಗೆ ಅದು ಸುಲಭ. ಅಲ್ಲೊಂದು ಕಾರ್ಖಾನೆ, ಇಲ್ಲೊಂದು ಕಾರ್ಖಾನೆ. ಯಾವುದು ಅಗ್ಗವೋ ಅದನ್ನು ಓಡಿಸಿದರಾಯಿತು. ದೇಸಿ ಕಂಪನಿಗೆ ಇರುವುದು ಇಲ್ಲಿಯದೊಂದೇ.

ಅಷ್ಟರಲ್ಲೇ ಟಿವಿಯ ತಂತ್ರಜ್ಞಾನವೂ ಬದಲಾಯಿತು. ಪಿಕ್ಚರ್ ಟ್ಯೂಬ್ ಹೋಗಿ ಎಲ್‌ಸಿಡಿ ಅನ್ನುವ ಚಪ್ಪಟೆ ಪರದೆ ಬಂತು. ನಮಗೆ ಅಷ್ಟಿಷ್ಟು ಗೊತ್ತಿದ್ದ ವಿದ್ಯೆಯೂ ಹಳೆಯದಾಯಿತು.

ಒಂದು ಗಾಜಿನ ಹಾಳೆಯ ಕಥೆ

ನನ್ನ ಟಿವಿಯ ಪ್ಯಾನೆಲ್ ಯಾಕೆ ಅಷ್ಟು ದುಬಾರಿ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ. ಇವತ್ತಿನ ಟಿವಿಯ ತಯಾರಿಕಾ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಯಾನೆಲ್‌ಗೇ ಹೋಗುತ್ತದೆ. ವ್ಯಾಪಾರದವರು ಇದನ್ನು ಓಪನ್ ಸೆಲ್ ಅನ್ನುತ್ತಾರೆ. ಒಳಗಿನ ಬೆಳಕಿನ ಪಟ್ಟಿ, ಹೊರಗಿನ ಚೌಕಟ್ಟು ಬಿಟ್ಟು ಬರೀ ಚಿತ್ರ ಮೂಡುವ ಗಾಜು. ಅದನ್ನು ತಯಾರಿಸುವ ಕಾರ್ಖಾನೆ ಭಾರತದಲ್ಲಿ ಇವತ್ತಿಗೂ ಇಲ್ಲ.

ಪ್ಯಾನೆಲ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. ದೊಡ್ಡ ಗಾಜಿನ ಹಾಳೆಯ ಮೇಲೆ ಒಟ್ಟಿಗೆ ಮಾಡಿ ಆಮೇಲೆ ಕತ್ತರಿಸುತ್ತಾರೆ. ಈಗಿನ ಅತಿ ದೊಡ್ಡ ಕಾರ್ಖಾನೆಗಳಲ್ಲಿ ಆ ಹಾಳೆ ಸುಮಾರು 2.9 ಮೀಟರ್ ಅಗಲ, 3.4 ಮೀಟರ್ ಉದ್ದ. ಒಂದು ಸಣ್ಣ ರೂಮಿನ ನೆಲದಷ್ಟು. ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ದೋಸೆ ಹೆಂಚಿನಷ್ಟು ಚಿಕ್ಕ ತುಂಡೂ ಕೈಯಲ್ಲಿ ಮುರಿದುಹೋಗುವಂಥ ಗಾಜು ಅದು. ಅದರ ಮೇಲೆ ಕೋಟಿಗಟ್ಟಲೆ ಸ್ವಿಚ್ಚುಗಳನ್ನು ಮೂಡಿಸಬೇಕು. ಧೂಳಿನ ಒಂದು ಕಣ ಕೂತರೂ ಅಷ್ಟು ಭಾಗ ಕೆಟ್ಟಿತು. ಒಂದು ಹಾಳೆಯಿಂದ 65 ಇಂಚಿನ ಎಂಟು ಪ್ಯಾನೆಲ್ ಸಿಗುತ್ತವೆ. ಹಾಳೆ ದೊಡ್ಡದಾದಷ್ಟೂ ಒಂದೊಂದು ಪ್ಯಾನೆಲಿನ ಖರ್ಚು ಇಳಿಯುತ್ತದೆ. ಹಾಗಾಗಿ ಚಿಕ್ಕದಾಗಿ ಶುರುಮಾಡಿ ಆಮೇಲೆ ಬೆಳೆಯುತ್ತೇವೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮೊದಲ ದಿನವೇ ಗುಡ್ಡದಷ್ಟು ದುಡ್ಡು ಸುರಿಯಬೇಕು.

ಚೀನಾ ಅದನ್ನು ಹೇಗೆ ಮಾಡಿತು? 2008ರಲ್ಲಿ ಹೆಫೇ ಅನ್ನುವ ನಗರದ ಆಡಳಿತ ಪ್ಯಾನೆಲ್ ತಯಾರಿಸುವ ಬಿಒಇ ಕಂಪನಿಯ ಜೊತೆ ಸೇರಿತು. ಯೋಜನೆಯ ವೆಚ್ಚ 1,750 ಕೋಟಿ ಯುವಾನ್. ಆಗ ಆ ಊರು ಅಷ್ಟೇನೂ ಶ್ರೀಮಂತ ಅಲ್ಲ. ಒಂದು ನಗರಪಾಲಿಕೆ ಕಂಪನಿಯೊಂದರ ಷೇರಿಗೆ ಹಣ ಹಾಕುವುದು ನಮಗೆ ವಿಚಿತ್ರ ಅನ್ನಿಸಬಹುದು. ಬಿಒಇ ವರ್ಷಗಟ್ಟಲೆ ನಷ್ಟ ಕಂಡಿತು. ಆದರೂ ಕೈಬಿಡಲಿಲ್ಲ. ಇವತ್ತು ಜಗತ್ತಿನ ಟಿವಿ ಪ್ಯಾನೆಲ್‌ಗಳಲ್ಲಿ ಬಹುಪಾಲು ಚೀನಾದಿಂದ ಬರುತ್ತವೆ. ಸ್ಯಾಮ್‌ಸಂಗ್, ಎಲ್‌ಜಿ ಕೂಡ ಎಲ್‌ಸಿಡಿ ಪ್ಯಾನೆಲ್ ವ್ಯಾಪಾರದಿಂದ ಹಿಂದೆ ಸರಿದಿವೆ.

ಹಾಗಾಗಿ ಟಿವಿ ಅಂಗಡಿಯಲ್ಲಿ ದೇಸಿ ಬ್ರಾಂಡೊಂದು ಬೆಲೆ ಇಳಿಸಿ ಪೈಪೋಟಿ ಕೊಡುತ್ತಿದೆ ಅಂದರೆ, ಅದು ತನ್ನ ಕೈಲಿರುವ ಉಳಿದ ಚಿಕ್ಕ ಪಾಲಿನಲ್ಲೇ ಇಳಿಸಬೇಕು. ಜಾಹೀರಾತು ಕಡಿಮೆ ಮಾಡಬೇಕು, ಇಲ್ಲವೇ ಸ್ಪೀಕರ್ ಸಣ್ಣದು ಹಾಕಬೇಕು, ಇಲ್ಲವೇ ಸರ್ವೀಸಿನಲ್ಲಿ ಉಳಿಸಬೇಕು. ನಾವು ಗಿರಾಕಿಗಳು ಬೈಯುವುದು ಆ ಕೊನೆಯದಕ್ಕೇ.

ಮೊಬೈಲ್: ಏರಿದ್ದೂ ಬೇಗ, ಇಳಿದದ್ದೂ ಬೇಗ

ಟಿವಿಯಲ್ಲಿ ಮೂವತ್ತು ವರ್ಷ ಹಿಡಿದ ಕಥೆ ಮೊಬೈಲಿನಲ್ಲಿ ಹತ್ತು ವರ್ಷಕ್ಕೆ ಮುಗಿಯಿತು.

2008ರ ಹೊತ್ತಿಗೆ ನೋಕಿಯಾ ಅಂದರೇ ಮೊಬೈಲು ಅನ್ನುವಂತಿತ್ತು. ಆಗ ಗುರುಗ್ರಾಮದ ಮೈಕ್ರೋಮ್ಯಾಕ್ಸ್ ಒಂದು ಫೋನ್ ತಂದಿತು. ಒಮ್ಮೆ ಚಾರ್ಜ್ ಮಾಡಿದರೆ ಸ್ಟ್ಯಾಂಡ್‌ಬೈನಲ್ಲಿ 30 ದಿನ ಬರುತ್ತದೆ ಅನ್ನುವುದೇ ಅದರ ಹೆಗ್ಗಳಿಕೆ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ಹಳ್ಳಿಗಳಲ್ಲಿ ಅದಕ್ಕಿಂತ ದೊಡ್ಡ ಸೌಕರ್ಯ ಇರಲಿಲ್ಲ. ಎರಡು ಸಿಮ್ ಹಾಕುವ ಫೋನುಗಳನ್ನೂ ಅಗ್ಗಕ್ಕೆ ಕೊಟ್ಟವರು ಇವರೇ. 2009ರಲ್ಲಿ ಲಾವಾ ಬಂತು, ಕಾರ್ಬನ್ ಬಂತು. ಕಾರ್ಬನ್ನಿನ ಅರ್ಧ ಬೇರು ಬೆಂಗಳೂರಿನದು. ದೆಹಲಿಯ ಜೈನಾ ಗುಂಪು ಮತ್ತು ಬೆಂಗಳೂರಿನ ಯುಟಿಎಲ್ ಸೇರಿ ಕಟ್ಟಿದ್ದು ಅದು.

2014ರ ಕೊನೆಯ ಮೂರು ತಿಂಗಳಲ್ಲಿ ಸ್ಮಾರ್ಟ್‌ಫೋನ್ ಮಾರಾಟದಲ್ಲಿ ಮೈಕ್ರೋಮ್ಯಾಕ್ಸ್ ಶೇ 22, ಸ್ಯಾಮ್‌ಸಂಗ್ ಶೇ 20 ಅಂತ ಮಾರುಕಟ್ಟೆ ಸಮೀಕ್ಷೆಯ ಕೆನಾಲಿಸ್ ಸಂಸ್ಥೆ ಲೆಕ್ಕ ಕೊಟ್ಟಿತು. ಸ್ಯಾಮ್‌ಸಂಗ್ ಒಪ್ಪಲಿಲ್ಲ, ಆ ಮಾತು ಬೇರೆ. ಭಾರತದ ಹೆಸರೊಂದು ಅಷ್ಟು ಎತ್ತರಕ್ಕೆ ಹೋಗಿತ್ತು ಅನ್ನುವುದಂತೂ ನಿಜ. ಆ ಸುದ್ದಿ ಓದಿ ನನಗೆ ಖುಷಿಯಾಗಿತ್ತು. ಇವತ್ತು ಮೊದಲ ಐದು ಸ್ಥಾನಗಳಲ್ಲಿ ಭಾರತದ ಒಂದು ಹೆಸರೂ ಇಲ್ಲ. ವಿವೋ, ಸ್ಯಾಮ್‌ಸಂಗ್, ಒಪ್ಪೊ, ಶಿಯೋಮಿ, ರಿಯಲ್‌ಮಿ ಇಂಥವೇ ಅಲ್ಲಿವೆ.

ಏನಾಯಿತು? ಒಂದಲ್ಲ, ಮೂರ್ನಾಲ್ಕು ಪೆಟ್ಟು ಒಟ್ಟಿಗೆ ಬಿದ್ದವು.

ಮೊದಲನೆಯದು ಬುಡದ್ದು. ನಮ್ಮ ಬ್ರಾಂಡ್‌ಗಳ ಬಹುಪಾಲು ಫೋನುಗಳನ್ನು ವಿನ್ಯಾಸ ಮಾಡಿ ಕೊಡುತ್ತಿದ್ದದ್ದು ಚೀನಾದ ಶೆನ್‌ಜೆನ್ ಸುತ್ತಮುತ್ತಲಿನ ಕಂಪನಿಗಳು. ಮೀಡಿಯಾಟೆಕ್‌ನಂಥ ಚಿಪ್ ಕಂಪನಿ ಚಿಪ್ಪಿನ ಜೊತೆಗೆ ಪೂರ್ತಿ ಫೋನಿನ ನಕ್ಷೆಯನ್ನೇ ಕೊಟ್ಟುಬಿಡುತ್ತಿತ್ತು. ಸೀರೆ ಅಂಗಡಿಯಲ್ಲಿ ಹರಡಿದ ಸೀರೆಗಳಲ್ಲಿ ಆರಿಸಿದ ಹಾಗೆ, ತಯಾರಿದ್ದ ಮಾದರಿಗಳಲ್ಲಿ ಆರಿಸಿ, ಹೆಸರು ಹಾಕಿಸಿ, ತಂದು ಮಾರುವುದು. ಬೇಗ ಬೆಳೆಯಲು ಅದು ಒಳ್ಳೇ ದಾರಿಯೇ. ಆದರೆ ವಿನ್ಯಾಸ ಮಾಡುವವನೇ ಒಂದು ದಿನ ಅಂಗಡಿ ತೆರೆದರೆ? ಹಾಗೇ ಆಯಿತು. ಭಾರತದ ಬ್ರಾಂಡ್‌ಗಳಿಗೆ ಫೋನ್ ಮಾಡಿಕೊಡುತ್ತಿದ್ದ ಜಿಯೋನಿ 2013ರಲ್ಲಿ ತನ್ನ ಹೆಸರಿನಲ್ಲೇ ಇಲ್ಲಿಗೆ ಬಂತು.

ಎರಡನೆಯದು ಮಾರುವ ದಾರಿ. 2014ರ ಫೆಬ್ರುವರಿಯಲ್ಲಿ ಮೋಟೊ ಜಿ, ಜುಲೈನಲ್ಲಿ ಶಿಯೋಮಿಯ ಮಿ 3. ಎರಡೂ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಸಿಗುತ್ತಿದ್ದವು. ಮಿ 3 ಬೆಲೆ 13,999 ರೂಪಾಯಿ. ಅದರಲ್ಲಿದ್ದ ಚಿಪ್ ಮತ್ತು ಪರದೆಯಂಥವು ಅಂಗಡಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬೆಲೆಯ ಫೋನುಗಳಲ್ಲಿ ಮಾತ್ರ ಸಿಗುತ್ತಿದ್ದವು. ಫೋನ್ ನಮ್ಮ ಕೈಗೆ ಬರುವ ಮುಂಚೆ ರಾಜ್ಯದ ವಿತರಕ, ಜಿಲ್ಲೆಯ ವಿತರಕ, ಅಂಗಡಿಯವರು, ಎಲ್ಲರಿಗೂ ಒಂದೊಂದು ಪಾಲು ಹೋಗುತ್ತದೆ. ಆ ಪಾಲನ್ನು ಉಳಿಸಿ ಅವರು ಬೆಲೆಯಲ್ಲಿ ಇಳಿಸಿದರು. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಫ್ಲ್ಯಾಶ್ ಸೇಲ್ ಅಂದರೆ ಆಫೀಸಿನಲ್ಲಿ ಎಲ್ಲರೂ ಬೆರಳು ಮೌಸಿನ ಮೇಲಿಟ್ಟು ಕಾಯುತ್ತಿದ್ದರು. ಒಂದಷ್ಟು ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು.

ಅಂಗಡಿಯ ದಾರಿಯನ್ನಾದರೂ ದೇಸಿ ಬ್ರಾಂಡ್‌ಗಳು ಉಳಿಸಿಕೊಂಡವಾ? ಇಲ್ಲ. ವಿವೋ, ಒಪ್ಪೊ ಅಲ್ಲಿಗೇ ನುಗ್ಗಿದವು. ಅಂಗಡಿಯವರಿಗೆ ಒಳ್ಳೇ ಕಮಿಷನ್, ಬೋರ್ಡು ಹಾಕಲು ದುಡ್ಡು, ಕೌಂಟರಿನಲ್ಲಿ ನಿಲ್ಲಲು ತಮ್ಮದೇ ಹುಡುಗರು. ಆ ವರ್ಷಗಳಲ್ಲಿ ತಿಪಟೂರು, ಸಿಂಧನೂರಿನಂಥ ಊರಿನ ಪೇಟೆಯಲ್ಲಿ ಓಡಾಡಿದವರಿಗೆ ನೆನಪಿರುತ್ತದೆ: ಬೀದಿಗೆ ಬೀದಿಯೇ ನೀಲಿ ಮತ್ತು ಹಸಿರು ಬೋರ್ಡು. 2017ರಲ್ಲಿ ಐಪಿಎಲ್ ಹೆಸರಿನ ಹಕ್ಕಿಗೆ ವಿವೋ ಐದು ವರ್ಷಕ್ಕೆ 2,199 ಕೋಟಿ ರೂಪಾಯಿ ಒಪ್ಪಿತು. ಭಾರತ ತಂಡದ ಜೆರ್ಸಿಗೆ ಒಪ್ಪೊ 1,079 ಕೋಟಿ. ದೇಸಿ ಕಂಪನಿಗಳಿಗೆ ಅಂಥ ಗಂಟು ಎಲ್ಲಿಂದ ಬರಬೇಕು?

ಮೂರನೆಯದು ಕಾಲ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಅದಕ್ಕೆ 4ಜಿ ಫೋನೇ ಬೇಕು. ದೇಸಿ ಬ್ರಾಂಡ್‌ಗಳ ಗೋದಾಮಿನಲ್ಲಿ 3ಜಿ ಫೋನುಗಳು ತುಂಬಿದ್ದವು. ಎರಡು ತಿಂಗಳಲ್ಲಿ ನೋಟು ರದ್ದತಿ. ಅಗ್ಗದ ಫೋನು ಕೊಳ್ಳುವವರು ನಗದು ಕೊಟ್ಟು ಕೊಳ್ಳುವವರು. ಆ ವ್ಯಾಪಾರ ಅಲ್ಲೇ ನಿಂತುಹೋಯಿತು. ತಮ್ಮದೇ ವಿನ್ಯಾಸದ ತಂಡ ಇದ್ದವರು ಬೇಗ 4ಜಿಗೆ ತಿರುಗಿದರು. ಆರಿಸಿ ತರುವವರು ಕಾಯಬೇಕಾಯಿತು. 2017ರ ಕೊನೆಗೆ ಶಿಯೋಮಿ ಮೊದಲ ಸ್ಥಾನಕ್ಕೆ ಬಂದಿತ್ತು.

ನಾಲ್ಕನೆಯದು ಪೇಟೆಂಟು. ಅದರ ಮಾತು ಹೆಚ್ಚು ಜನರಿಗೆ ಗೊತ್ತಿಲ್ಲ. ಫೋನು ಟವರಿನ ಜೊತೆ ಮಾತಾಡುವ ವಿಧಾನದ ಮೇಲೆ ಎರಿಕ್ಸನ್‌ನಂಥ ಕಂಪನಿಗಳ ಹಕ್ಕು ಇದೆ. 2013ರಲ್ಲಿ ಎರಿಕ್ಸನ್ ದೆಹಲಿ ಹೈಕೋರ್ಟಿನಲ್ಲಿ ಮೈಕ್ರೋಮ್ಯಾಕ್ಸ್ ಮೇಲೆ, 2014ರಲ್ಲಿ ಶಿಯೋಮಿ ಮೇಲೂ ಕೇಸು ಹಾಕಿತು. ತನ್ನದೇ ಪೇಟೆಂಟ್ ಇಲ್ಲದವನು ಪ್ರತಿ ಫೋನಿಗೂ ಕೊಡುತ್ತಲೇ ಇರಬೇಕು. ಇದ್ದವನು ಕೊಡುಕೊಳ್ಳುವ ಮಾತಾಡಬಹುದು. ಇದೂ ಮತ್ತೆ ಅದೇ ಮೂರನೇ ಪ್ರಶ್ನೆಗೆ ಬಂದು ನಿಲ್ಲುತ್ತದೆ.

2020ರ ಜೂನಿನಲ್ಲಿ ಗಲ್ವಾನ್ ಘಟನೆಯಾದ ಮೇಲೆ ಚೀನಾ ಫೋನು ಬೇಡ ಅನ್ನುವ ಮಾತು ಜೋರಾಗಿತ್ತು. ಆ ಸಿಟ್ಟು ನಿಜವಾದದ್ದು, ನಮ್ಮ ಯೋಧರ ಜೀವ ಹೋಗಿತ್ತು. ಆದರೆ ಅದೇ ದಿನಗಳಲ್ಲಿ ಚೀನಾದ್ದೇ ಆದ ಒನ್‌ಪ್ಲಸ್‌ನ ಹೊಸ ಫೋನು ಆನ್‌ಲೈನಿನಲ್ಲಿ ನಿಮಿಷಗಳಲ್ಲೇ ಖಾಲಿಯಾಯಿತು. ಜನರನ್ನು ದೂರುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಆ ಬೆಲೆಗೆ ಆ ಫೋನಿನ ಪಕ್ಕದಲ್ಲಿ ಇಡುವಂಥ ದೇಸಿ ಫೋನು ಅಂಗಡಿಯಲ್ಲಿ ಇರಲಿಲ್ಲ.

ಮಿಕ್ಸಿ ಯಾಕೆ ಸೋಲಲಿಲ್ಲ?

ಹಾಗಾದರೆ ದೇಸಿ ಬ್ರಾಂಡು ಎಲ್ಲೆಡೆ ಸೋತಿತಾ? ಅಡುಗೆಮನೆಗೆ ಹೋಗಿ ನೋಡಿ.

1960ರ ದಶಕದಲ್ಲಿ ಮುಂಬೈಯ ಸೀಮೆನ್ಸ್ ಕಂಪನಿಯಲ್ಲಿ ಸತ್ಯಪ್ರಕಾಶ್ ಮಾಥುರ್ ಅನ್ನುವ ಎಂಜಿನಿಯರ್ ಇದ್ದರು. ಅವರ ಮನೆಯಲ್ಲಿದ್ದ ಜರ್ಮನಿಯ ಬ್ರೌನ್ ಮಿಕ್ಸರ್ ಕೆಟ್ಟುಹೋಯಿತು. ಅದು ಅಲ್ಲಿಯ ಅಡುಗೆಗೆ ಮಾಡಿದ ಯಂತ್ರ. ನಮ್ಮ ನೆನೆಸಿದ ಅಕ್ಕಿ, ಉದ್ದಿನಬೇಳೆ, ಒಣಕೊಬ್ಬರಿ, ಅರಿಶಿನದ ಕೊಂಬನ್ನು ಅದು ಹೇಗೆ ತಡೆದೀತು? ಮಾಥುರ್ ತಾವೇ ಗಟ್ಟಿ ಮೋಟಾರಿನ ಮಿಕ್ಸಿ ಮಾಡಿದರು. 1963ರಲ್ಲಿ ಬಂದ ಆ ಸುಮೀತ್ ಮಿಕ್ಸಿ ಎಷ್ಟೋ ಮನೆಗಳಲ್ಲಿ ಒರಳು ಕಲ್ಲನ್ನು ಹಿತ್ತಲಿಗೆ ಕಳಿಸಿತು. ಮಿಕ್ಸಿಯಲ್ಲಿ ಇವತ್ತಿಗೂ ಇಲ್ಲೇ ಹುಟ್ಟಿದ ಹೆಸರುಗಳೇ ಮುಂದಿವೆ. ಫಿಲಿಪ್ಸ್‌ನಂಥ ಕಂಪನಿಗೂ ದಕ್ಷಿಣದ ಅಡುಗೆಮನೆಯಲ್ಲಿ ಬೆಳೆಯಬೇಕಾದಾಗ 2011ರಲ್ಲಿ ಚೆನ್ನೈನ ಪ್ರೀತಿ ಕಂಪನಿಯನ್ನೇ ಕೊಂಡುಕೊಳ್ಳಬೇಕಾಯಿತು.

ಇಲ್ಲಿ ಗೆದ್ದದ್ದಕ್ಕೆ ಕಾರಣ ಎರಡು. ಮೋಟಾರು, ಬ್ಲೇಡು, ಜಾರು ಎಲ್ಲವೂ ಇಲ್ಲೇ ತಯಾರಾಗುತ್ತವೆ. ಚಟ್ನಿ ಎಷ್ಟು ನುಣ್ಣಗಾಗಬೇಕು ಅನ್ನುವುದು ಇಲ್ಲಿಯವರಿಗೆ ಗೊತ್ತು. ಎಸಿಯಲ್ಲೂ ಹೀಗೇ ಸ್ವಲ್ಪ ಆಯಿತು. ಎಲ್‌ಜಿ ಮುಂದಿದ್ದ ಮಾರುಕಟ್ಟೆಯನ್ನು ಟಾಟಾದ ವೋಲ್ಟಾಸ್ ಮತ್ತೆ ಹಿಡಿಯಿತು. ಡೀಲರ್ ಜಾಲ, ಎಸಿ ಕೂರಿಸಿ ಗ್ಯಾಸ್ ತುಂಬುವ ಮೆಕ್ಯಾನಿಕ್‌ಗಳ ಪಡೆ, ನಮ್ಮ ಬಿಸಿಲಿನ ಅಂದಾಜು ಅದರ ಕೈಹಿಡಿದವು. ಇಯರ್‌ಫೋನಿನಲ್ಲಿ ಬೋಟ್ ಬೆಳೆದದ್ದು ಮಾತ್ರ ಬೇರೆ ರೀತಿ. ಮೊದಲು ಚೀನಾದಲ್ಲಿ ಮಾಡಿಸಿ, ಇಲ್ಲಿಯ ಹುಡುಗರ ರುಚಿ ಹಿಡಿದು ಬೆಳೆಯಿತು. ಆಮೇಲೆ ಬೇರೆ ಬ್ರಾಂಡ್‌ಗಳಿಗೆ ತಯಾರಿಸಿಕೊಡುವ ಡಿಕ್ಸನ್ ಕಂಪನಿಯ ಜೊತೆ ಸೇರಿ ಇಲ್ಲೇ ತಯಾರಿಸಲು ಶುರುಮಾಡಿತು.

ಬಾಡಿಗೆಗೆ ಸಿಗುವ ಹೆಸರು

ಈಗ ಇನ್ನೊಂದು ಗೊಂದಲ. ಆನ್‌ಲೈನಿನಲ್ಲಿ ಥಾಮ್ಸನ್, ಕೊಡ್ಯಾಕ್ ಟಿವಿ ನೋಡಿರುತ್ತೀರಿ. ಒಂದು ಫ್ರಾನ್ಸಿನ ಹೆಸರು, ಒಂದು ಅಮೆರಿಕದ್ದು. ಆದರೆ ಆ ಹೆಸರುಗಳನ್ನು ಲೈಸೆನ್ಸ್ ಪಡೆದು ಇಲ್ಲಿ ಟಿವಿ ಮಾಡುತ್ತಿದ್ದದ್ದು ನೊಯಿಡಾದ ಒಂದು ಭಾರತೀಯ ಕಂಪನಿ. ತೈವಾನಿನ ಏಸರ್ ಹೆಸರಿನ ಟಿವಿಯನ್ನು ಭಾರತದಲ್ಲಿ ತಂದದ್ದು ಬೆಂಗಳೂರಿನ ಇಂಡ್‌ಕಾಲ್. ಹೆಸರು ಹೊರಗಿನದು, ಕಂಪನಿ ಊರಿನದು.

ಇದರ ಪೂರ್ತಿ ಉಲ್ಟಾ ಕೋಲಾರ ಜಿಲ್ಲೆಯ ನರಸಾಪುರದಲ್ಲಿದೆ. ತೈವಾನಿನ ವಿಸ್ಟ್ರಾನ್ ಅಲ್ಲಿ ಐಫೋನ್ ಕಾರ್ಖಾನೆ ಕಟ್ಟಿತ್ತು. 2023ರಲ್ಲಿ ಅದನ್ನು ಟಾಟಾ ಕೊಂಡುಕೊಂಡಿತು. ಈಗ ಟಾಟಾ ಎಲೆಕ್ಟ್ರಾನಿಕ್ಸ್ ಅಲ್ಲಿ ಅಮೆರಿಕದ ಹೆಸರಿನ ಫೋನು ಜೋಡಿಸುತ್ತದೆ. ದೇವನಹಳ್ಳಿ ಹತ್ತಿರ ಸುಮಾರು 300 ಎಕರೆಯಲ್ಲಿ ತೈವಾನಿನದೇ ಫಾಕ್ಸ್‌ಕಾನ್ ಕೂಡ ಅದನ್ನೇ ಮಾಡುತ್ತಿದೆ. ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದೆ. ಹಳ್ಳಿಯಿಂದ ಬಂದು ಮೊದಲ ಸಂಬಳ ಎಣಿಸುವ ಹುಡುಗಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಯಾವುದು ದೇಸಿ? ಸರ್ಕಾರದ ಲೆಕ್ಕದಲ್ಲಿ ಭಾರತದ ಮೊಬೈಲ್ ಉತ್ಪಾದನೆ 2014-15ರ ಸುಮಾರು 18 ಸಾವಿರ ಕೋಟಿ ರೂಪಾಯಿಯಿಂದ 2024-25ಕ್ಕೆ 5.45 ಲಕ್ಷ ಕೋಟಿಗೆ ಏರಿದೆ. ಇದಕ್ಕೆ ಮೊದಲು ಕೆಲಸ ಮಾಡಿದ್ದು ಸುಂಕ. ಹೊರಗಿನಿಂದ ಬರುವ ಫೋನಿನ ಮೇಲೆ 2017ರಲ್ಲಿ ಶೇ 10, 2018ರಲ್ಲಿ ಶೇ 20. ಈಗ ಅದು ಶೇ 15. ಆಮೇಲೆ 2020ರಲ್ಲಿ ಬಂದ ಪಿಎಲ್‌ಐ: ಇಲ್ಲಿ ಜಾಸ್ತಿ ತಯಾರಿಸಿದಷ್ಟೂ ಸರ್ಕಾರ ದುಡ್ಡು ಕೊಡುವ ಯೋಜನೆ. ಅದರಲ್ಲಿ ವಿದೇಶಿ ಕಂಪನಿಗಳು 15,000 ರೂಪಾಯಿ ಮೇಲಿನ ಫೋನಿಗೆ ಮಾತ್ರ ಹಣ ಪಡೆಯಬಹುದು, ದೇಸಿ ಕಂಪನಿಗಳಿಗೆ ಆ ಮಿತಿ ಇಲ್ಲ ಅಂತ ಮಾಡಿದ್ದರು. ಅಗ್ಗದ ಫೋನುಗಳ ಜಾಗ ದೇಸಿಯವರಿಗೆ ಸಿಗಲಿ ಅನ್ನುವ ಲೆಕ್ಕ. ಕಾರ್ಖಾನೆಗಳು ಬೆಳೆದವು. ದೇಸಿ ಬ್ರಾಂಡ್‌ಗಳು ಮಾತ್ರ ಆ ಜಾಗವನ್ನು ತುಂಬಲಿಲ್ಲ. ಲಾವಾ ಅಗ್ನಿ ಸರಣಿಯ 5ಜಿ ಫೋನುಗಳಿಂದ ಪ್ರಯತ್ನ ಪಡುತ್ತಿದೆ. ಅದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಮಾರಾಟದ ಪಾಲು ಮಾತ್ರ ಇನ್ನೂ ಚಿಕ್ಕದು.

ಜೋಡಣೆಯನ್ನು ಹೀಗಳೆಯಬಾರದು. ಚೀನಾವೂ ಅಲ್ಲಿಂದಲೇ ಶುರುಮಾಡಿದ್ದು. ಆದರೆ ಅಲ್ಲೇ ನಿಂತರೆ ಸಾಲದು ಅಂತ ಈಗ ಸರ್ಕಾರಕ್ಕೂ ಅನ್ನಿಸಿದೆ. 2025ರ ಮಾರ್ಚಿನಲ್ಲಿ ಬಿಡಿಭಾಗಗಳ ತಯಾರಿಕೆಗೇ ಅಂತ 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸರ್ಕ್ಯೂಟ್ ಬೋರ್ಡು, ಕ್ಯಾಮೆರಾ ಭಾಗ, ಬ್ಯಾಟರಿ ಸೆಲ್, ಡಿಸ್‌ಪ್ಲೇ ಜೋಡಣೆ ಅದರಲ್ಲಿವೆ. ಟಿವಿಯ ಆ ದೊಡ್ಡ ಗಾಜಿನ ಹಾಳೆ ಮಾತ್ರ ಈಗಲೂ ಸಮುದ್ರ ದಾಟಿಯೇ ಬರಬೇಕು.

ಹೊಸ ಟಿವಿ ತಗೊಳ್ಳುವಾಗ ನಾನು ಈ ಸಲ ಬೇರೆ ಪ್ರಶ್ನೆ ಕೇಳಿದೆ. ನಮ್ಮ ತಾಲೂಕಿನಲ್ಲಿ ಸರ್ವೀಸಿಗೆ ಯಾರು ಬರುತ್ತಾರೆ? ಪ್ಯಾನೆಲ್‌ಗೆ ಎಷ್ಟು ವರ್ಷ ವಾರಂಟಿ? ಬೋರ್ಡು ಹೋದರೆ ಬಿಡಿಯಾಗಿ ಸಿಗುತ್ತದಾ? ಅಂಗಡಿಯ ಹುಡುಗ ಮೊದಲೆರಡಕ್ಕೆ ಸರಿಯಾಗಿ ಉತ್ತರ ಕೊಟ್ಟ. ಮೂರನೆಯದಕ್ಕೆ ಕೇಳಿ ಹೇಳ್ತೀನಿ ಅಂದ.

ಹಳೇ ಟಿವಿಯನ್ನು ಎಸ್.ಪಿ. ರೋಡಿನಲ್ಲೇ ಬಿಟ್ಟುಬಂದೆ. ರಿಪೇರಿಯವರು ಪ್ಯಾನೆಲ್ಲನ್ನು ಗೋಡೆಗೆ ಒರಗಿಸಿದರು. ಬೋರ್ಡು, ಸ್ಪೀಕರು ಎರಡನ್ನೂ ಜೋಪಾನವಾಗಿ ತೆಗೆದು ಬೇರೆ ಡಬ್ಬಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಟಿವಿಯ ಇಂಚು ಬರೆದಿಟ್ಟರು. ಬ್ರಾಂಡಿನ ಹೆಸರು ಬರೆಯಲಿಲ್ಲ. ಪ್ಯಾನೆಲ್ ಚೀಟಿಯ ನಂಬರು ಬರೆದುಕೊಂಡರು.